ಪೊಳ್ಳು ಮೂತಿಯ ಗುಂಡು ಮತ್ತು ಒಂದು ಕಂಬಳಿ

ಆ ಹೆಣದ ಮೈಮೇಲೆ ಕಂಬಳಿ ಇತ್ತು. ಇಷ್ಟನ್ನು ಖಾತ್ರಿಯಿಂದ ಹೇಳಬಲ್ಲೆ. ಅದನ್ನು ಬಿಟ್ಟರೆ ಆ ಬೆಳಗ್ಗೆ ನಾನು ಕಂಡದ್ದು ಯಾವುದು, ಕಂಡೆನೆಂದು ಆಮೇಲೆ ಅಂದುಕೊಂಡದ್ದು ಯಾವುದು ಎಂದು ಬೇರ್ಪಡಿಸಲು ಇಷ್ಟು ವರ್ಷಗಳಾದರೂ ನನ್ನಿಂದ ಆಗಿಲ್ಲ. ಕಾಗದ ಇದ್ದಲ್ಲಿ ಕಾಗದವನ್ನು ನಂಬಿ ಬರೆಯುತ್ತಿದ್ದೇನೆ. ಇಲ್ಲದಲ್ಲಿ ನೆನಪೇ ಗತಿ.

ಎರಡನೆಯ ಮಹಾಯುದ್ಧದ ವರ್ಷಗಳು. ನಾನು ಹುಮನಾಬಾದಿನ ಸರಕಾರಿ ದವಾಖಾನೆಯಲ್ಲಿದ್ದೆ. ಈಗಿನ ಬಸವಕಲ್ಯಾಣವನ್ನು ಆಗ ಎಲ್ಲರೂ ಕಲ್ಯಾಣಿ ಎನ್ನುತ್ತಿದ್ದರು. ಅಲ್ಲಿಯ ಡಾಕ್ಟರ್ ರಜೆಯ ಮೇಲಿದ್ದುದರಿಂದ ಹೆಣ ನನ್ನ ಕಡೆ ಬಂತು, ಜೋಳದ ಕಣಿಕೆ ಹಾಸಿದ ಚಕ್ಕಡಿಯಲ್ಲಿ. ಸತ್ತವನು ಮೋರಖಂಡಿಯ ಕಡೆ ಹೊಲಗಳಿದ್ದ ಒಂದು ವಾಡೆಯ, ಅಂದರೆ ಜಮೀನುದಾರರ ಮನೆಯ, ಗುಮಾಸ್ತ. ಚಳಿಯ ಬೆಳಗಿನಲ್ಲಿ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹೊದ್ದು ಬದುವಿನ ಮೇಲೆ ಹೋಗುತ್ತಿದ್ದಾಗ ಯಾರೋ ಎದುರಿನಿಂದ ಎದೆಗೆ ಹೊಡೆದಿದ್ದರು. ಕಂಡವರು ಯಾರೂ ಇಲ್ಲ.

ಹೆಣದ ಜೊತೆ ಕಲ್ಯಾಣಿಯ ಠಾಣೆಯ ಮುಖ್ಯಸ್ಥರಾದ ಪೊಲೀಸ್ ಅಮೀನರೂ ಬಂದಿದ್ದರು. ಅಗಲ ಮೈಯ, ಸದಾ ತಮಾಷೆಯ ಮಾತಿನ ಮನುಷ್ಯ. ನಾನು ಕೈಗೆ ಸಾಬೂನು ಹಚ್ಚಿಕೊಳ್ಳುವಷ್ಟರಲ್ಲಿ ಪ್ರಕರಣವನ್ನೆಲ್ಲ ಹೇಳಿ ಮುಗಿಸಿದರು. ವಾಡೆಯಲ್ಲಿ ಒಂದೇ ಅಳತೆಯ ಎರಡು ವಿಲಾಯತಿ ರಿವಾಲ್ವರ್‌ಗಳು. ಒಂದು ಪಹರೆಯವನ ಸೊಂಟದಲ್ಲಿ ಇರುವುದು, ಅದಕ್ಕೆ ದುಂಡು ಮೂತಿಯ ಸಾದಾ ಸೀಸದ ಗುಂಡು. ಇನ್ನೊಂದು ವಾಡೆಯ ಕಿರಿಯ ಧಣಿಯದು. ಅವರು ಮುಂಬಯಿಯಿಂದ ತರಿಸಿದ ಪೊಳ್ಳು ಮೂತಿಯ ಗುಂಡನ್ನೇ ಹಾಕುತ್ತಿದ್ದರು; ಬಂದವರಿಗೆಲ್ಲ ಅದನ್ನು ಅಂಗೈಯಲ್ಲಿಟ್ಟು ತೋರಿಸುವ ಚಟ ಅವರಿಗೆ. ಪಹರೆಯವನ ರಿವಾಲ್ವರಿನಲ್ಲಿ ಒಂದು ಕಾರ್ತೂಸು ಹಾರಿತ್ತು. ಹಿಂದಿನ ಸಂಜೆ ನರಿಗೆ ಹೊಡೆದೆ ಎಂದು ಅವನು ಹೇಳಿದ್ದ. ನರಿ ಸಿಕ್ಕಿರಲಿಲ್ಲ.

"ನೀವ ಒಂದ ಮಾತ ಹೇಳಿದ್ರ ಸಾಕು ಡಾಕ್ಟರ್ ಸಾಬ," ಅಂದರು ಅಮೀನರು. "ಪೊಳ್ಳು ಗುಂಡೋ, ಗಟ್ಟಿ ಗುಂಡೋ?"

ಎದೆಯ ಮೇಲಿನ ತೂತು ಕಿರುಬೆರಳಿನ ತುದಿ ಹೋಗುವಷ್ಟಿತ್ತು. ಬೆನ್ನ ಕಡೆ ತೂತೇ ಇರಲಿಲ್ಲ. ಗುಂಡು ಹೆಗಲೆಲುಬಿನ ಪಕ್ಕ, ಚರ್ಮದ ಕೆಳಗೆ ಬೆರಳಿಗೆ ತಾಕುತ್ತಿತ್ತು. ಕೊಯ್ದು ತೆಗೆದೆ. ರಕ್ತ ಅಂಟಿ ಕಪ್ಪಾಗಿತ್ತು. ಮೂತಿ ಚಪ್ಪಟೆಯಾಗಿ, ತುಂಬಿದಂತೆ ಕಂಡಿತು.

"ಪೊಳ್ಳು ಗುಂಡಾಗಿದ್ರ ಎದಿ ತಾಟಿನಷ್ಟು ಹರೀತಿತ್ತು, ಹೌದಲ್ರಿ?" ಅಮೀನರು ಬಾಗಿಲಲ್ಲೇ ನಿಂತು ಕೇಳಿದರು. ಒಳಗೆ ಬರಲು ಅವರಿಗೆ ಮನಸ್ಸಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ನಮ್ಮ ಪ್ರಾಧ್ಯಾಪಕರೊಬ್ಬರು ಒಂದು ತರಗತಿಯಲ್ಲಿ ಬೋರ್ಡಿನ ಮೇಲೆ ಅಂಥ ಗುಂಡಿನ ಚಿತ್ರ ಬರೆದಿದ್ದರು. ಕೊಡೆ ಬಿಚ್ಚಿದ ಹಾಗೆ ಅಂಚು ಹೊರಗೆ ಮಡಚಿದ ಸೀಸ. ನಾನು ಕಣ್ಣಾರೆ ಒಂದನ್ನೂ ಕಂಡಿರಲಿಲ್ಲ. ದೇವರು, ಜಾತಕ, ಪತ್ರಿಕೆಯ ಸುದ್ದಿ, ಎಲ್ಲವನ್ನೂ ಅನುಮಾನಿಸುತ್ತ ಬೆಳೆದವನು ಆ ಸೀಮೆಸುಣ್ಣದ ಚಿತ್ರವನ್ನು ಮಾತ್ರ ಯಾಕೆ ಅನುಮಾನಿಸಲಿಲ್ಲವೋ ತಿಳಿಯದು. ಕೈಯಲ್ಲಿದ್ದ ಗುಂಡು ಕೊಡೆಯಂತೆ ಬಿಚ್ಚಿರಲಿಲ್ಲ. ಹಾಗಾಗಿ ಬರೆದೆ: ಸೀಸದ ಗುಂಡು ಒಂದು, ಮೂತಿ ತುಂಬಿದೆ, ಬಿರಿದಿಲ್ಲ, ಸಾದಾ ಜಾತಿಯದು. ಬಟ್ಟೆಗಳ ಕಲಮಿನಲ್ಲಿ, ರಕ್ತವಾದ ಕಂಬಳಿ ಒಂದು, ಎಂದಷ್ಟೇ ಬರೆದೆ. ಕಂಬಳಿಯನ್ನು ನಾನು ಬಿಚ್ಚಿ ನೋಡಲಿಲ್ಲ. ಪೇದೆ ಅದನ್ನು ಕೋಲಿನಿಂದ ಎತ್ತಿ ಗೋಣಿಚೀಲಕ್ಕೆ ಹಾಕಿದ್ದ. ಸಹಿ ಮಾಡಿದೆ.

ಗುಂಡಿಗೆ ಮೊಹರು ಹಾಕಿ ಕಳಿಸುವುದು ಕಂಪೌಂಡರರ ಕೆಲಸ. ನನಗಿಂತ ಇಪ್ಪತ್ತು ವರ್ಷ ಹಿರಿಯರು, ಕಟ್ಟಾ ಮಡಿಯವರು, ಕೈಯ ಅಳತೆ ತಕ್ಕಡಿಗಿಂತ ನಿಖರ. ಅರಗಿನ ಮೊಹರು ಹಾಕಿದ ಬಟ್ಟೆಯ ಪೊಟ್ಟಣ ಮರುದಿನ ಕಲ್ಯಾಣಿಗೆ ಹೋಯಿತು. ಅದನ್ನು ಇನ್ನು ಅದಾಲತ್ತಿನಲ್ಲೇ ಒಡೆಯಬೇಕು.

ಮೂರೋ ನಾಲ್ಕೋ ದಿನಗಳ ನಂತರ ಕಂಪೌಂಡರರು ಜ್ವರದ ಪುಡಿ ಕಟ್ಟುತ್ತ, ಮಾತಿಗೆ ಮಾತು ಎಂಬಂತೆ ಹೇಳಿದರು:

"ಆ ಗುಂಡ ನಾ ಸ್ವಚ್ಛ ತೊಳದು ಕಳಿಸೇನಿ ನೋಡ್ರಿ ಸಾಹೇಬರ. ಹೆಣದ ನೆತ್ತರ ಹತ್ತಿದ್ದು, ಔಷಧದ ಕೋಣ್ಯಾಗ ಒಂದ ರಾತ್ರಿ ಹ್ಯಾಂಗ ಇಡೂದ್ರಿ? ಸೋಡಾ ಹಾಕಿ ತಿಕ್ಕಿದೆ. ಮೂತಿಯೊಳಗಿನ ಹೊಲಸೂ ಸೂಜೀಲೆ ತಗದೆ."

"ಮೂತಿಯೊಳಗ ಅಂದ್ರ?"

"ತಗ್ಗಿತ್ತಲ್ರಿ. ಅದರಾಗ ಕರಿ ನಾರು ತುಂಬಿತ್ತು. ಕಂಬಳಿದು ಇರಬೇಕು."

"ಆ ನಾರು ಎಲ್ಲಿ?"

"ಮೋರ್ಯಾಗ ಚಲ್ಲಿದೆ. ಹೆಣದ್ದು ಇಟಗೊಂಡು ಏನ ಮಾಡೂದ್ರಿ?"

ಮೂತಿಯಲ್ಲಿ ತಗ್ಗಿದ್ದರೆ ಅದು ಪೊಳ್ಳು ಗುಂಡು. ಪೊಳ್ಳು ಗುಂಡಾದರೆ ಅದು ಪಹರೆಯವನದಲ್ಲ. ನನ್ನ ಸಹಿಯ ಮೇಲೆ ಆ ಮನುಷ್ಯ ಕಲ್ಯಾಣಿಯ ಠಾಣೆಯ ಕೊಠಡಿಯಲ್ಲಿ ಕೂತಿದ್ದ. ಅದೇ ಸಹಿಯ ಮೇಲೆ ನಾಳೆ ಗಲ್ಲಿಗೂ ಹೋಗಬಹುದು.

ಆದರೆ ಪೊಳ್ಳು ಗುಂಡು ಬಿರಿಯದೆ ಇರುವುದು ಹೇಗೆ? ಎದೆ ತಾಟಿನಷ್ಟು ಹರಿಯದೆ ಇರುವುದು ಹೇಗೆ? ಅಂದು ಸಂಜೆ ಕೂತು ಗುಂಡಿನ ಮೂತಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಮೊದಲು ಚಪ್ಪಟೆ ಸೀಸ ಕಂಡಿತು. ಸ್ವಲ್ಪ ಹೊತ್ತಿಗೆ ಅದರ ನಡುವೆ ಕಪ್ಪು ನಾರಿನ ಎಳೆ ಕಂಡಿತು. ಆ ಎಳೆಯನ್ನು ಅಂದು ನಾನು ಕಂಡಿದ್ದೆನೋ, ಕಂಪೌಂಡರರ ಮಾತು ಕೇಳಿದ ಮೇಲೆ ಮನಸ್ಸು ಅದನ್ನು ನೇಯ್ದು ಕೂರಿಸಿತೋ? ಎಷ್ಟು ಸಲ ನೋಡಿದರೂ ಎಳೆ ಹೆಚ್ಚು ಹೆಚ್ಚು ಸ್ಪಷ್ಟವಾಗುತ್ತ ಹೋಯಿತು. ಹೆದರಿದ್ದು ಅದಕ್ಕೇ.

ಮರುದಿನ ಹುಡಗಿ ಗ್ರಾಮದಿಂದ ಒಬ್ಬ ಹೆಂಗಸು ಬಂದಳು. ರೋಗಿಗಳ ಸಾಲಿನಲ್ಲಿ ಕೂತು ತನ್ನ ಸರದಿ ಬಂದಾಗ ಎದ್ದು ನಿಂತಳು. ಪಹರೆಯವನ ಹೆಂಡತಿ.

"ಏನ ಬ್ಯಾನಿ?" ಕೇಳಿದೆ.

"ನಂಗೇನ ಬ್ಯಾನಿ ಇಲ್ರಿ ಯಪ್ಪಾ. ನೀವ ಬರದ ಕಾಗದದ ಮ್ಯಾಲ ಅವರನ್ನ ಹಿಡದಾರಂತ. ಅದರಾಗ ಏನ ಬರದೀರಿ, ಅಷ್ಟ ಓದಿ ಹೇಳ್ರಿ."

ಕಾಗದ ಇಲ್ಲಿಲ್ಲ ಎಂದೆ. ಅದು ನಿಜ. ಆದರೆ ಅದರ ಒಂದೊಂದು ಅಕ್ಷರವೂ ನನ್ನ ತಲೆಯಲ್ಲಿತ್ತು. ಅವಳು ಇನ್ನೇನೂ ಕೇಳದೆ ಹೊರಗಿನ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕೂತಿದ್ದಳು. ಬಂದ ಒಬ್ಬೊಬ್ಬ ರೋಗಿಯೂ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದ.

ಗುಂಡುಗಳ ವಿಷಯ ತಿಳಿದವರು ಆ ಭಾಗದಲ್ಲಿ ಒಬ್ಬರೇ ಇದ್ದರು. ಫೌಜಿನಿಂದ ನಿವೃತ್ತರಾಗಿ ಹುಡಗಿಯ ಹೊರಗೆ ಹೊಲ ಮಾಡಿಕೊಂಡಿದ್ದ ಮುದುಕ ರಿಸಾಲ್ದಾರರು. ಕೀಲುನೋವಿನ ಎಣ್ಣೆಗೆ ನನ್ನಲ್ಲಿಗೆ ಬರುತ್ತಿದ್ದರು. ಸೈಕಲ್ ಮೇಲೆ ಹೋಗಿ ಹೆಸರುಗಳನ್ನು ಬಿಟ್ಟು ಎಲ್ಲ ಹೇಳಿದೆ. ಅವರು ಗಡ್ಡ ಸವರುತ್ತ ಕೇಳಿದರು, ಆಮೇಲೆ ನಕ್ಕರು.

"ತಾಟಿನಷ್ಟು ತೂತು! ಇದನ್ನ ಯಾರ ಹೇಳಿದ್ರು ಸಾಬ? ಫೌಜಿನಾಗ ಹೊಸ ಜವಾನರೂ ಹಿಂಗೇ ಅಂತಿದ್ರು. ಒಬ್ಬ ಅಂತಿದ್ದ, ಅದರಾಗ ಮದ್ದು ತುಂಬ್ಯಾರ, ಒಳಗ ಹೋಗಿ ಸಿಡೀತದ. ಇನ್ನೊಬ್ಬ, ಅದರಾಗ ಜಹರ ಅದ, ಗೀರಿದ್ರೂ ಸಾಯ್ತಾರ. ಎಲ್ಲಾ ಬಕ್ವಾಸ್. ಅದರಾಗ ಏನೂ ಇಲ್ಲ. ಬರೀ ತಗ್ಗು."

"ಬರೀ ತಗ್ಗು ಇದ್ದದ್ದಕ್ಕ ಅಂಚು ಮಡಚ್ತದೇನ್ರಿ?"

ಅವರು ಒಳಗಿನಿಂದ ಒಂದು ತಗಡಿನ ಡಬ್ಬಿ ತಂದರು. ಅವರ ಹಳೆಯ ರಿವಾಲ್ವರಿನದೂ ಅದೇ ಅಳತೆ. ಡಬ್ಬಿಯಲ್ಲಿ ಎರಡೂ ಜಾತಿಯ ಕಾರ್ತೂಸುಗಳಿದ್ದವು. ಪೊಳ್ಳು ಮೂತಿಯದೊಂದನ್ನು ನನ್ನ ಕೈಗೆ ಕೊಟ್ಟರು. ಸೀಸದ ಮೂತಿಯಲ್ಲಿ ಅತ್ತರಿನ ಪುಟ್ಟ ಕುಪ್ಪಿಯ ಬಾಯಿಯಂಥ ತಗ್ಗು.

"ಮೈ ಅಂದ್ರ ಏನ ಸಾಬ? ಬಹಳ ಮಾಡಿ ನೀರು. ಗುಂಡು ನುಗ್ಗಿದಾಗ ಆ ಹಸಿ ಮಾಂಸ, ನೆತ್ತರ, ಈ ತಗ್ಗಿನಾಗ ಬಂದು ಕೂಡ್ತದ. ಹಿಂದಿನಿಂದ ಗುಂಡು ಒತ್ತತದ, ಮುಂದಿನಿಂದ ನೀರು ಒತ್ತತದ. ಹೋಗಾಕ ದಾರಿ ಇಲ್ಲ. ಆಗ ಬದಿಯ ಗ್ವಾಡಿ ಹೊರಗ ಬಾಗ್ತದ. ಮೂತಿ ಅಗಲ ಆಗ್ತದ, ವೇಗ ಸಾಯ್ತದ, ಗುಂಡು ಒಳಗೇ ನಿಲ್ಲತದ. ಒಬ್ಬನಿಗೆ ಹೊಡದದ್ದು ಹಿಂದ ನಿಂತವನಿಗೆ ಹೋಗಬಾರದು, ಅದಕ್ಕ ಇದು. ಗುಂಡು ಹೊಕ್ಕ ತೂತು ಸಣ್ಣದೇ ಇರ್ತದ. ಅರಳೂದು ಒಳಗ ಹೋದ ಮ್ಯಾಲ."

"ಅರಳದೇ ಇದ್ರ?"

"ಅರಳಾಕ ವೇಗ ಬೇಕು. ರಿವಾಲ್ವರಿನ ಗುಂಡು ರೈಫಲ್ಲಿನಂಗ ಓಡಂಗಿಲ್ಲ. ಮತ್ತ ತಗ್ಗು ಖಾಲಿ ಇರಬೇಕು. ಮೊದಲೇ ಅದರ ಬಾಯಾಗ ಬಟ್ಟಿ ತುರುಕಿದ್ರ ನೀರು ಎಲ್ಲಿ ಹೋಗಬೇಕು? ಗಟ್ಟಿ ಗುಂಡಿನಂಗೇ ಹೋಗ್ತದ."

ಕಂಬಳಿ, ಅಂದೆ ನಾನು. ಜೋರಾಗಿ ಅಂದೆನೋ ಮನಸ್ಸಿನಲ್ಲೇ ಅಂದೆನೋ ಗೊತ್ತಿಲ್ಲ.

ಅವರ ಮಾತು ನನಗೆ ಸಾಲದಾಗಿತ್ತು. ಒಂದು ಚಿತ್ರವನ್ನು ನಂಬಿ ಕೆಟ್ಟವನು ಈಗ ಒಬ್ಬ ಮುದುಕರ ಮಾತನ್ನು ನಂಬಿ ಇನ್ನೊಮ್ಮೆ ಕೆಡುವುದು ಬೇಡ. ಹೊಡೆದು ನೋಡಬೇಕು, ಅದಕ್ಕೆ ಸಾಕ್ಷಿಯೂ ಬೇಕು. ಎರಡು ದಿನ ಹಿಂದೆಮುಂದೆ ನೋಡಿ ಅಮೀನರಿಗೇ ಚೀಟಿ ಕಳಿಸಿದೆ. ಅದಾಲತ್ತಿನಲ್ಲಿ ಅವರನ್ನು ಎದುರಿಸುವುದಕ್ಕಿಂತ ಮುಂಚೆಯೇ ತೋರಿಸುವುದು ನೇರವಾದ ದಾರಿ ಅನಿಸಿತು. ಕಳಿಸಿದ ಮೇಲೆ, ತಪ್ಪು ಮಾಡಿದೆನೋ ಎಂಬ ಅನುಮಾನ ಹತ್ತಿತು.

ಅವರು ಬಂದರು. ಹುಡಗಿಯ ಆಚೆಯ ಒಣ ಹಳ್ಳ, ಬೆಳಗಿನ ಹೊತ್ತು. ಹುಮನಾಬಾದಿನ ಕಸಾಯಿಯಿಂದ ಆಗತಾನೆ ಕೊಯ್ದ ಕುರಿಯ ತೊಡೆಗಳನ್ನು ತಂದಿದ್ದೆ. ಅವುಗಳನ್ನು ಹಗ್ಗದಲ್ಲಿ ತೂಗುಬಿಟ್ಟು, ಹಿಂದೆ ನೀರು ತುಂಬಿದ ಸೀಮೆಎಣ್ಣೆಯ ಡಬ್ಬಿಗಳನ್ನು ಸಾಲಾಗಿ ಇಟ್ಟೆವು. ಅದರಾಚೆ ಹಳ್ಳದ ಮಣ್ಣಿನ ದಂಡೆ. ಕಂಬಳಿ ಕೊಟ್ಟವಳು ಪಹರೆಯವನ ಹೆಂಡತಿ. ವಾಡೆಯ ಆಳುಗಳಿಗೆಲ್ಲ ಒಬ್ಬನೇ ಕುರುಬ ನೇಯ್ದು ಕೊಟ್ಟ ಕಂಬಳಿಗಳು, ಸತ್ತವನದೂ ಅದೇ ಮಗ್ಗದ್ದು ಎಂದು ಅವಳೇ ಹೇಳಿದಳು.

"ಯುನಿವರ್ಸಿಟಿಯೊಳಗ ಇದನ್ನೇ ಕಲಿಸ್ಯಾರೇನ್ರಿ ಡಾಕ್ಟರ್ ಸಾಬ? ಸತ್ತ ಕುರೀನ ಇನ್ನೊಮ್ಮಿ ಕೊಲ್ಲೂದು?" ಅಮೀನರು ಬಂಡೆಯ ಮೇಲೆ ಕೂತರು. "ಹೊಡೀರಿ ರಿಸಾಲ್ದಾರ ಸಾಬ. ಕುರಿ ಓಡಿ ಹೋದೀತು."

ನಾನು ಅದುವರೆಗೆ ರಿವಾಲ್ವರಿನ ಸದ್ದನ್ನು ಹತ್ತಿರದಿಂದ ಕೇಳಿರಲಿಲ್ಲ. ರಿಸಾಲ್ದಾರರು ಹತ್ತು ಹೆಜ್ಜೆ ದೂರದಲ್ಲಿ ನಿಂತು, ಮೊದಲ ಪೊಳ್ಳು ಗುಂಡನ್ನು ಬರೀ ಮಾಂಸಕ್ಕೆ ಹೊಡೆದರು. ಗುಂಡು ಎರಡನೆಯ ಡಬ್ಬಿಯ ತಳದಲ್ಲಿ ಸಿಕ್ಕಿತು, ಎಕ್ಕದ ಹೂವಿನ ಹಾಗೆ ಅರಳಿ. ಬೋರ್ಡಿನ ಮೇಲಿನ ಚಿತ್ರ ಸುಳ್ಳಾಗಿರಲಿಲ್ಲ.

ಎರಡನೆಯದು ಹಾರಲೇ ಇಲ್ಲ. ರಿವಾಲ್ವರಿನ ಕುದುರೆ, ಅಂದರೆ ಅದರ ಪುಟ್ಟ ಸುತ್ತಿಗೆ, ಬಿದ್ದ ಟಪ್ ಎಂಬ ಸದ್ದು, ಅಷ್ಟೇ. ನಾನು ಮುಂದೆ ಹೆಜ್ಜೆ ಇಟ್ಟೆ.

"ಅಲ್ಲೇ ನಿಲ್ಲ್ರಿ!" ರಿಸಾಲ್ದಾರರು ಅರಚಿದರು. ನಳಿಗೆಯನ್ನು ದಂಡೆಯ ಕಡೆಯೇ ಹಿಡಿದು ಉರ್ದುವಿನಲ್ಲಿ ಎಣಿಸತೊಡಗಿದರು. ಹಳೆಯ ಕಾರ್ತೂಸು ತಡೆದು ಹಾರುವುದುಂಟು ಎಂದು ಆಮೇಲೆ ಹೇಳಿದರು. ಅಮೀನರು ಬಂಡೆಯಿಂದ ಇಳಿದು ಅದರ ಹಿಂದೆ ಹೋಗಿದ್ದರು. ಕಾರ್ತೂಸು ಹಾರಲಿಲ್ಲ. ತೆಗೆದು ನೀರಿಗೆ ಹಾಕಿದರು.

ಮೂರನೆಯದು ನನ್ನನ್ನು ಇನ್ನೂ ಗೊಂದಲಕ್ಕೆ ತಳ್ಳಿತು. ಬರೀ ಮಾಂಸಕ್ಕೇ ಹೊಡೆದದ್ದು, ಆದರೆ ಮೂತಿ ಒಂದೇ ಬದಿಗೆ ಚೂರು ಬಾಗಿತ್ತು, ಅಷ್ಟೇ. ಮದ್ದು ಹಳತಾಗಿ ವೇಗ ಸಾಲದೆ ಹೋಗಿರಬೇಕು ಅಂದರು ರಿಸಾಲ್ದಾರರು. ಅಂದರೆ ಎದುರಿಗೆ ಏನೂ ಅಡ್ಡ ಇಲ್ಲದಾಗಲೂ ಪೊಳ್ಳು ಗುಂಡು ಅರಳಿಯೇ ತೀರುತ್ತದೆ ಎನ್ನುವಂತಿಲ್ಲ. ನಾನು ಅಂದು ಅಷ್ಟು ಧೈರ್ಯದಿಂದ ಬರೆದ 'ಬಿರಿದಿಲ್ಲ, ಸಾದಾ ಜಾತಿಯದು' ಎಂಬುದಕ್ಕೆ ಬುಡವೇ ಇರಲಿಲ್ಲ.

ನಾಲ್ಕನೆಯದಕ್ಕೂ ಐದನೆಯದಕ್ಕೂ ಮಾಂಸದ ಮೇಲೆ ಕಂಬಳಿಯನ್ನು ಎರಡು ಮಡಿಕೆ ಹೊದಿಸಿದೆವು. ಎರಡೂ ಗುಂಡುಗಳು ಮೊದಲಿನದಕ್ಕಿಂತ ಮುಂದೆ ಹೋಗಿ ನಾಲ್ಕನೆಯ ಡಬ್ಬಿಯಲ್ಲಿ ಸಿಕ್ಕವು. ಎರಡೂ ಅರಳಿರಲಿಲ್ಲ. ಮೂತಿಯ ತಗ್ಗಿನಲ್ಲಿ ಕಪ್ಪು ಉಣ್ಣೆ ಬೆಣೆ ಹೊಡೆದ ಹಾಗೆ ತುಂಬಿತ್ತು. ಮಾಂಸದ ರಸ ಅಂಟಿ, ಮೇಲಿನಿಂದ ನೋಡಿದರೆ ಚಪ್ಪಟೆ, ತುಂಬಿದ ಮೂತಿ. ಅದನ್ನು ಅಂಗೈಯಲ್ಲಿ ಹಿಡಿದು ನಿಂತೆ. ಇದನ್ನೇ ಅಂದು ಕಂಡಿದ್ದೆ, ಅನಿಸಿತು. ಹಾಗೆ ಅನಿಸಿದ್ದನ್ನೂ ನಂಬಲಿಲ್ಲ.

ಕೊನೆಗೆ ಒಂದು ಸಾದಾ ಗುಂಡನ್ನು ಕಂಬಳಿಯ ಮೇಲೆ ಹೊಡೆಸಿದೆ. ಕಂಬಳಿ ಮಡಚುವಾಗ ಬೆಳಕಿಗೆ ಹಿಡಿದೆ. ಸಾದಾ ಗುಂಡು ಹೋದಲ್ಲಿ ಎಳೆಗಳು ಬದಿಗೆ ಸರಿದು ಮತ್ತೆ ಕೂಡಿಕೊಂಡಿದ್ದವು. ಹುಡುಕಿದರೆ ಮಾತ್ರ ಕಾಣುವ ಸೀಳು. ಪೊಳ್ಳು ಗುಂಡು ಹೋದಲ್ಲಿ ದುಂಡನೆಯ ತೂತು. ಮೂತಿಯ ಅಂಚು ಕಂಬಳಿಯನ್ನು ಚಕ್ರದಂತೆ ಕೊರೆದು ಆ ತುಣುಕನ್ನು ತನ್ನ ಬಾಯಲ್ಲೇ ಒಯ್ದಿತ್ತು. ತೂತಿನಿಂದ ಆಚೆಯ ದಂಡೆ ಕಾಣುತ್ತಿತ್ತು.

"ನೋಡಿದ್ರ್ಯಾ ಅಮೀನ ಸಾಬ?" ಎಂದೆ.

ಅಮೀನರು ಬಹಳ ಹೊತ್ತು ನೋಡಿದರು. ತಮಾಷೆ ಮುಖದಿಂದ ಹೋಗಿತ್ತು. ರುಮಾಲಿನಿಂದ ಕೈ ಒರೆಸಿಕೊಂಡರು.

"ನಾ ಇಲ್ಲಿ ಬಂದೇ ಇಲ್ಲ," ಅಂದರು. "ನೀವೂ ಬಂದಿಲ್ಲ. ವಾಡೆದವರ ಕೈ ಎಲ್ಲಿ ಮಟ ಅದ ನಿಮಗ ಗೊತ್ತಿಲ್ಲ ಡಾಕ್ಟರ್ ಸಾಬ. ಒಮ್ಮಿ ಬರದದ್ದನ್ನ ಡಾಕ್ಟರ್ ತಾನೇ ಅಳಸಿದ್ರ ಲೋಕ ಏನ ಅಂತದ ವಿಚಾರ ಮಾಡ್ರಿ. ನಂಗೂ ಹೆಂಡ್ತಿ ಮಕ್ಕಳು ಅದಾರ."

ನಾನು ದವಾಖಾನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಬಂದಿತ್ತು. ವಾಡೆಯಿಂದ ಒಬ್ಬ ಮನುಷ್ಯ ಪೇರಲ ಹಣ್ಣಿನ ಬುಟ್ಟಿ ತಂದು ಮೇಜಿನ ಮೇಲಿಟ್ಟು ಕಾಯುತ್ತಿದ್ದ. ಬಹಳ ನಯವಾಗಿ ಮಾತಾಡಿದ. "ಡಾಕ್ಟರ್ ಸಾಹೇಬರು ಒಬ್ಬರೇ ಇರ್ತೀರಂತಲ್ರಿ. ಸೈಕಲ್ ಮ್ಯಾಲ ಅಲ್ಲಿ ಇಲ್ಲಿ ಹೋಗ್ತೀರಂತ. ಹುಷಾರ್ಲೆ ಓಡಾಡ್ರಿ. ದಾರಿ ಚಲೋ ಇಲ್ಲ."

ಹಣ್ಣನ್ನು ರೋಗಿಗಳಿಗೆ ಹಂಚಿಸಿದೆ. ಅಂದಿನಿಂದ ಸೈಕಲ್ ಮುಟ್ಟಲಿಲ್ಲ. ಬೆನ್ನು ಬಾಗಿಲ ಕಡೆ ಮಾಡಿ ಕೂರುವುದನ್ನೂ ಬಿಟ್ಟೆ.

ಕಂಪೌಂಡರರನ್ನು ಕರೆದು, ಗುಂಡು ತೊಳೆದದ್ದನ್ನು ಅದಾಲತ್ತಿನಲ್ಲಿ ಹೇಳಬೇಕು ಎಂದೆ. ಅವರು ನನ್ನ ಮುಖ ನೋಡದೆ ತಕ್ಕಡಿಯ ತಟ್ಟೆ ಒರೆಸುತ್ತಿದ್ದರು.

"ಯಾವ ಗುಂಡ್ರಿ?"

"ಸೋಡಾ ಹಾಕಿ ತಿಕ್ಕಿದೆ ಅಂದಿದ್ರಿ. ಸೂಜೀಲೆ ನಾರು ತಗದೆ ಅಂದಿದ್ರಿ."

"ನಾ ಹಂಗ ಅಂದೇ ಇಲ್ರಿ ಸಾಹೇಬರ. ಅಂದು ನಿಮಗ ಜ್ವರಾ ಇತ್ತು, ನೆನಪ ಮಾಡಕೋರಿ."

ಅಂದು ನನಗೆ ಜ್ವರ ಇತ್ತೇ? ಅವರು ಅಷ್ಟು ಸಹಜವಾಗಿ ಹೇಳಿದರು ಎಂದರೆ, ಒಂದು ಗಳಿಗೆ ನನ್ನ ಕೈ ಹಣೆಗೆ ಹೋಯಿತು. ದವಾಖಾನೆಯ ಪುಸ್ತಕ ತೆಗೆದು ನೋಡಿದೆ. ಆ ವಾರ ನಾನೇ ಕ್ವಿನೈನ್ ತೆಗೆದುಕೊಂಡ ನಮೂದಿತ್ತು. ಯಾವ ದಿನ ಎಂಬಲ್ಲಿ ಶಾಯಿ ಹರಡಿತ್ತು. ಮೊಹರಿನ ಪೊಟ್ಟಣದೊಳಗೆ ನಿಜವಾಗಿ ದುಂಡು ಮೂತಿಯ ಸಾದಾ ಗುಂಡೇ ಇದ್ದರೆ? ಜ್ವರದಲ್ಲಿ ಕೇಳಿದ ಒಂದು ಮಾತಿನ ಮೇಲೆ ನಾನು ಕುರಿಯ ತೊಡೆಗೆ ಗುಂಡು ಹೊಡೆಸುತ್ತ ತಿರುಗಿದ್ದರೆ?

ಸುಮ್ಮನಿರಲು ಎಲ್ಲ ಕಾರಣಗಳೂ ಇದ್ದವು. ಆ ಪೊಟ್ಟಣದಲ್ಲಿ ಏನಿದೆ ಎಂದು ತಿಳಿದು ನಿರ್ಧರಿಸುವ ಅವಕಾಶವೂ ಇರಲಿಲ್ಲ. ಕಡೆಗೆ ಒಂದನ್ನು ಮಾತ್ರ ಹಿಡಿದುಕೊಂಡೆ. ಗುಂಡು ಯಾವುದೇ ಇರಲಿ, ಸಣ್ಣ ತೂತು, ಬಿರಿಯದ ಮೂತಿ, ಇವೆರಡನ್ನು ನೋಡಿ ಜಾತಿ ಹೇಳಿದ್ದು ತಪ್ಪು. ಅಷ್ಟನ್ನು ಹೇಳಲು ಕಂಪೌಂಡರರೂ ಬೇಡ, ನನ್ನ ನೆನಪೂ ಬೇಡ. ನನ್ನ ವರದಿಯ ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು ಅರ್ಜಿ ಬರೆದೆ. ಹಳ್ಳದ ಪರೀಕ್ಷೆಯನ್ನೂ ಅಲ್ಲಿ ಅಮೀನರು ಇದ್ದುದನ್ನೂ ಅದರಲ್ಲಿ ಸೇರಿಸಿದೆ.

ವಿಚಾರಣೆಯ ದಿನ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಹೋಗಿ, ಹೆದ್ದಾರಿಯಲ್ಲಿ ಇಳಿದು, ಕಲ್ಯಾಣಿಗೆ ಟಾಂಗಾ ಹಿಡಿದೆ. ಜೊತೆಗೆ ರಿಸಾಲ್ದಾರರು, ಅವರ ತೊಡೆಯ ಮೇಲೆ ಹಳ್ಳದಲ್ಲಿ ಗುಂಡು ಹೊಡೆದ ಕಂಬಳಿಯ ಗಂಟು.

ಅದಾಲತ್ತಿನಲ್ಲಿ ಪಹರೆಯವನನ್ನು ಮೊದಲ ಸಲ ಕಂಡೆ. ನನ್ನ ವಯಸ್ಸಿನವನೇ. ನಾನು ಯಾರೆಂದು ಗೊತ್ತಾದ ಮೇಲೆ ಕಣ್ಣು ತೆಗೆಯದೆ ನೋಡುತ್ತಿದ್ದ.

ನ್ಯಾಯಾಧೀಶರು ನನ್ನ ಅರ್ಜಿ ಓದಿ, ಹಳೆಯ ವರದಿ ಓದಿ, ಪೊಟ್ಟಣ ಒಡೆಯಲು ಹೇಳಿದರು. ಅರಗು ಚೂರಾಗಿ ಮೇಜಿನ ಮೇಲೆ ಬಿತ್ತು. ಅದಾಲತ್ತಿನ ಗುಮಾಸ್ತರಾದ ಪೇಷ್ಕಾರರು ಗುಂಡನ್ನು ತಟ್ಟೆಗೆ ಹಾಕಿದರು. ಅದು ಉರುಳಿ ನಿಂತಿತು. ಮೂತಿ ನನ್ನ ಕಡೆಗಿತ್ತು.

ಸ್ವಚ್ಛವಾಗಿ ತೊಳೆದ ಸೀಸ. ನಡುವೆ ತಗ್ಗು.

ನನಗೆ ಸಮಾಧಾನವಾಗಬೇಕಿತ್ತು. ಅದಕ್ಕೆ ಸಮಯವೇ ಸಿಗಲಿಲ್ಲ. ಫಿರ್ಯಾದಿ ಕಡೆಯ ವಕೀಲರು ಎದ್ದರು. "ಜನಾಬ್, ಡಾಕ್ಟರ್ ತಮ್ಮ ಕೈಯಾರೆ ಬರದಾರ, ಮೂತಿ ತುಂಬಿದೆ ಅಂತ. ಈಗ ತೂತದ. ದವಾಖಾನೆಯೊಳಗ ಸೂಜಿ, ಚಾಕು, ಎಲ್ಲಾ ಇರ್ತಾವ. ಮೆತ್ತನ್ನ ಸೀಸದಾಗ ತಗ್ಗ ಕೊರಿಯೂದು ಎಷ್ಟರ ಕೆಲಸ?" ನನ್ನ ಕಡೆ ತಿರುಗಿದರು. "ತಾವು ಸಹಿ ಮಾಡಿದಾಗ ಈ ತೂತು ಇತ್ತೋ ಇಲ್ಲೋ?"

"ಇತ್ತು. ಕಂಬಳಿಯ ನಾರಿನಿಂದ ಮುಚ್ಚಿತ್ತು ಅಂತ ತಿಳೀತೀನಿ."

"ತಿಳಿಯೂದು ಬ್ಯಾಡ. ನಾರನ್ನ ತಾವು ಕಣ್ಣಲೆ ಕಂಡೀರ್ಯಾ?"

ಕಪ್ಪು ಎಳೆ ನನ್ನ ಕಣ್ಣ ಮುಂದೆ ಇತ್ತು, ದಿನಕ್ಕಿಂತ ದಿನಕ್ಕೆ ಸ್ಪಷ್ಟವಾಗುತ್ತಿದ್ದ ಅದೇ ಎಳೆ. ಹೌದು ಎಂದಿದ್ದರೆ ಮುಗಿಯುತ್ತಿತ್ತು.

"ಹೇಳಲಾರೆ," ಅಂದೆ. "ಕಂಡಂತೆ ಅನಿಸುತ್ತದೆ. ಆ ಅನಿಸಿಕೆಯನ್ನು ನಾನು ನಂಬುವುದಿಲ್ಲ."

ಹಿಂದಿನಿಂದ ಯಾರೋ ನಕ್ಕರು. ಪಹರೆಯವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ರಿಸಾಲ್ದಾರರು ತಮ್ಮ ಗಂಟನ್ನು ಎತ್ತಿ ತೋರಿಸಿದರು. ಆಗ ನನಗೆ ಹೊಳೆಯಿತು. ಗುಂಡನ್ನು ತೊಳೆದಿದ್ದರು. ಆದರೆ ಸತ್ತವನ ಕಂಬಳಿ?

"ಹೆಣದ ಮೇಲಿದ್ದ ಕಂಬಳಿಯನ್ನು ತರಿಸಬೇಕು," ಎಂದು ಕೇಳಿಕೊಂಡೆ.

ಗೋಣಿಚೀಲ ಠಾಣೆಯ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಪೇದೆ ಅದನ್ನು ಹಗ್ಗ ಹಿಡಿದು, ದೂರದಿಂದ ಎಳೆದು ತಂದ. ಅಂದು ಕೋಲಿನಿಂದ ಚೀಲಕ್ಕೆ ಹಾಕಿದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಹೆಣದ ಹೊದಿಕೆ, ಯಾರು ಮುಟ್ಟುತ್ತಾರೆ? ಪಂಚನಾಮೆಯ ಅರಗು ಹಗ್ಗದ ಗಂಟಿನ ಮೇಲೆ ಹಾಗೇ ಇತ್ತು. ಈಗಲೂ ಬಿಚ್ಚಲು ಯಾರೂ ಮುಂದೆ ಬರಲಿಲ್ಲ. ನಾನೇ ಬಿಚ್ಚಿದೆ. ವಾಸನೆಗೆ ಪೇಷ್ಕಾರರು ಹಿಂದೆ ಸರಿದರು. ರಕ್ತ ಒಣಗಿ ಕಂಬಳಿ ಹಲಗೆಯಂತೆ ಬಿರುಸಾಗಿತ್ತು. ಒಂದೊಂದೇ ಮಡಿಕೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ.

ದುಂಡನೆಯ ತೂತು. ಎರಡೂ ಮಡಿಕೆಯಲ್ಲಿ. ತುಣುಕು ಇಲ್ಲ.

ರಿಸಾಲ್ದಾರರು ನಮ್ಮ ಕಂಬಳಿಯನ್ನು ಪಕ್ಕದಲ್ಲಿ ಹಿಡಿದರು. ಪೊಳ್ಳು ಗುಂಡಿನ ತೂತು, ಸಾದಾ ಗುಂಡಿನ ಸೀಳು, ಸತ್ತವನ ಕಂಬಳಿಯ ತೂತು. ನ್ಯಾಯಾಧೀಶರು ಪೀಠದಿಂದ ಇಳಿದು ಬಂದು ಮೂರನ್ನೂ ನೋಡಿದರು. ನೋಡಿ, ಕಿಟಕಿಯ ಪಕ್ಕದಲ್ಲೇ ನಿಂತಿದ್ದ ಅಮೀನರನ್ನು ಕೇಳಿದರು:

"ಈ ಪರೀಕ್ಷೆ ನಡೆದಾಗ ನೀವು ಹಾಜರಿದ್ದಿರಿ ಎಂದು ಅರ್ಜಿಯಲ್ಲಿದೆ. ನಿಜವೇ?"

ಅಮೀನರು ವಕೀಲರ ಹಿಂದಿನ ಬೆಂಚಿನ ಕಡೆ ನೋಡಿದರು. ಅಲ್ಲಿ ಹಣ್ಣಿನ ಬುಟ್ಟಿ ತಂದಿದ್ದ ಮನುಷ್ಯ ಕೂತಿದ್ದ.

"ಹಾಜರಿದ್ದೆ ಜನಾಬ್," ಅಂದರು ಕೊನೆಗೆ. "ಬಂಡೆಯ ಹಿಂದ ನಿಂತಿದ್ದೆ."

ಪಹರೆಯವನನ್ನು ಬಿಟ್ಟರು. ಆ ಗುಂಡು ಯಾರ ರಿವಾಲ್ವರಿನದು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಕಿರಿಯ ಧಣಿ ಹೈದರಾಬಾದಿಗೆ ಹೋದರು ಎಂದು ಕೇಳಿದೆ. ಅಮೀನರಿಗೆ ಬೇಗನೆ ವರ್ಗವಾಯಿತು. ಕಂಪೌಂಡರರೂ ನಾನೂ ಇನ್ನೊಂದು ವರ್ಷ ಅದೇ ಕೋಣೆಯಲ್ಲಿ ಕೆಲಸ ಮಾಡಿದೆವು, ಗುಂಡಿನ ಮಾತು ತೆಗೆಯದೆ.

ಪಹರೆಯವನು ತಿಂಗಳೊಪ್ಪತ್ತಿನ ಮೇಲೆ ದವಾಖಾನೆಗೆ ಬಂದ. ಹಳ್ಳದಲ್ಲಿ ನಾವು ಗುಂಡು ಹೊಡೆದಿದ್ದ, ಅದಾಲತ್ತು ಹಿಂದಿರುಗಿಸಿದ್ದ ತನ್ನ ಮನೆಯ ಕಂಬಳಿಯನ್ನೇ ಹೊದ್ದಿದ್ದ. ತೂತುಗಳನ್ನು ಹೊಲಿಸಿರಲಿಲ್ಲ. ರೋಗಿಗಳೆಲ್ಲ ಹೋಗುವವರೆಗೆ ಕಾದು, ಹತ್ತಿರ ಬಂದು ಮೆಲ್ಲಗೆ ಕೇಳಿದ:

"ಸಾಹೇಬರ, ಮೊದಲನೇ ಸಲ ಸಹಿ ಮಾಡಿದಾಗ ನೀವ ಗುಂಡಿನ ಮೂತಿ ನೋಡಿದ್ರ್ಯಾ?"

"ನೋಡಿದ್ದೆ."

"ಏನ ಕಂಡಿತ್ರಿ?"

"ನೆನಪಿಲ್ಲ," ಅಂದೆ. ಅವನ ಮುಂದೆ ಬೇರೆ ಯಾವ ಮಾತನ್ನೂ ಆಡಲು ನನಗೆ ಹಕ್ಕಿರಲಿಲ್ಲ.

ಅವನು ಸಿಟ್ಟಾಗಲಿಲ್ಲ. ತೂತಿನಲ್ಲಿ ಬೆರಳು ಹಾಕಿ ತಿರುಗಿಸುತ್ತ ನಿಂತ.

"ನಂಗೂ ಹಂಗೇ ಆಗ್ಯಾದರಿ. ನರಿಗೆ ಹೊಡದೆ ಅಂತ ಠಾಣಾದಾಗ ಎಷ್ಟ ಸಲ ಹೇಳೇನಿ ಅಂದ್ರ, ಈಗ ನರಿ ಬಣ್ಣನೂ ಹೇಳ್ತೀನಿ, ಅದು ತಿರುಗಿ ನೋಡಿದ್ದೂ ಹೇಳ್ತೀನಿ. ಖರೇನ ನೋಡಿದ್ನೋ ಇಲ್ಲೋ, ದೇವರಿಗೇ ಗೊತ್ತು."

ಅಷ್ಟು ಹೇಳಿ ಕೈಮುಗಿದು ಹೋದ. ಬಾಗಿಲು ದಾಟುವಾಗ ಹೊರಗಿನ ಬಿಸಿಲು ಅವನ ಹೆಗಲಿನಿಂದ ಇಳಿಬಿದ್ದ ಕಂಬಳಿಯ ತೂತಿನಲ್ಲಿ ಒಮ್ಮೆ ಹೊಳೆಯಿತು. ಹಣ್ಣಿನ ಬುಟ್ಟಿ ಬಂದ ದಿನದಿಂದ ನಾನು ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲವಾದ್ದರಿಂದ ಇದನ್ನು ಕಂಡೆ.